ನಮ್ಮ ಸ್ಕೂಲ್ ಡೇ ಮತ್ತು ಒಂದು ಖರ್ಚಿನ ಪುಸ್ತಕ

ಇವತ್ತು ಸ್ಕೂಲ್ ಡೇ ಬಗ್ಗೆ ಮಾತಾಡ್ತೀನಿ.

ಪುತ್ತೂರು ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ನಂದು. ಮುಂದಿನ ತಿಂಗಳು ಅಲ್ಲಿ ವಾರ್ಷಿಕೋತ್ಸವ. ಹಳೇ ವಾರ್ಷಿಕೋತ್ಸವಗಳ ಫೋಟೊ, ಆಮಂತ್ರಣ ಪತ್ರಿಕೆ ಎಲ್ಲ ಒಂದು ಗೋಡೆಗೆ ಅಂಟಿಸೋಣ ಅಂತ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಲ್ಲಿ ತೀರ್ಮಾನ ಆಯ್ತು. ಕಪಾಟು ಹುಡುಕುವ ಕೆಲಸ ನನ್ನ ತಲೆಗೆ ಬಂತು.

ಗೆದ್ದಲು ತಿಂದು ಬಿಟ್ಟದ್ದರಲ್ಲಿ ಅತೀ ಹಳೇ ಆಮಂತ್ರಣ 1954ರದ್ದು. ಆಗ ನಮ್ಮ ಜಿಲ್ಲೆ ಮದ್ರಾಸ್ ರಾಜ್ಯದಲ್ಲಿತ್ತು, ಮೈಸೂರಿಗೆ ಸೇರಿದ್ದು 1956ರಲ್ಲಿ. ನಮ್ಮದು ಆಗ ಡಿಸ್ಟ್ರಿಕ್ಟ್ ಬೋರ್ಡಿನ ಶಾಲೆ. ಬೆಳಗ್ಗೆ ಆಟೋಟ, ಸಂಜೆ ವರದಿ ವಾಚನ, ರಾತ್ರಿ ಮಕ್ಕಳಿಂದ ಯಕ್ಷಗಾನ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಗ್ಯಾಸ್‌ಲೈಟ್ ಇರುವವರು ದಯವಿಟ್ಟು ತರಬೇಕು. ಕರೆಂಟ್ ಇಲ್ಲದ ಊರು! ಅದರ ಫೋಟೊ ಗ್ರೂಪಿಗೆ ಹಾಕಿದೆ, ಹಾರ್ಟುಗಳ ಮಳೆ.

ಅದರಡಿಯಲ್ಲಿ ಸಿಕ್ಕಿದ್ದು 1999ರ ಖರ್ಚಿನ ಪುಸ್ತಕ. ನಾನಾಗ ಆರನೇ ಕ್ಲಾಸು. ಎಸ್‌ಡಿಎಂಸಿ ಅನ್ನೋದು ಬಂದಿದ್ದು 2001ರಲ್ಲಿ, ಅದಕ್ಕೆ ಮುಂಚೆ ನಮ್ಮಲ್ಲಿ ಶಿಕ್ಷಕ-ರಕ್ಷಕ ಸಂಘದವರೇ ಲೆಕ್ಕ ಇಡ್ತಿದ್ದದ್ದು. ಮೈಕ್‌ಸೆಟ್, ಪರದೆ ಬಾಡಿಗೆ, ಬಹುಮಾನದ ಸ್ಟೀಲ್ ಲೋಟ, ಮೇಕಪ್‌ನವರಿಗೆ ಚಾ-ತಿಂಡಿ. ಮುಂದಿನ ಪುಟದಲ್ಲಿ ಕೋಲಾಟದ ಮಕ್ಕಳ ಪಟ್ಟಿ. ಡ್ರೆಸ್ಸಿನ ಬಾಡಿಗೆ ತಲಾ 40 ರೂಪಾಯಿ. ಕೊಟ್ಟವರ ಹೆಸರಿನ ಮುಂದೆ ರೈಟು. ನನ್ನ ಹೆಸರಿಗೆ ಅಡ್ಡಗೆರೆ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಪರದೆ'.

ಅಷ್ಟೇ. ಆದ್ರೆ ನಂಗೆ ಅಲ್ಲೇ ಕೂರಬೇಕಾಯ್ತು.

ಮೂರು ವಾರ ಪ್ರಾಕ್ಟೀಸ್ ಮಾಡಿದ್ದೆ. ಅಮ್ಮ ಬೀಡಿ ಕಟ್ತಿದ್ರು. ಬ್ರಾಂಚಲ್ಲಿ ಮಜೂರಿ ಸಿಗೋದು ಶನಿವಾರ, ಸ್ಕೂಲ್ ಡೇ ಇದ್ದದ್ದು ಶುಕ್ರವಾರ. ಹಾಗಾಗಿ ಪರದೆ ಎಳೆಯೋಕೆ ನಿಂತೆ. ಸಂದಿಯಿಂದ ಕೋಲಾಟ ನೋಡ್ತಾ ಕಾಲಲ್ಲೇ ತಾಳ ಹಾಕ್ತಿದ್ದೆ. ಅಮ್ಮ ಆ ರಾತ್ರಿ ಬರಲಿಲ್ಲ, ತಲೆನೋವು ಅಂದ್ರು. ನಾನು ನಂಬಿದ್ದೆ.

ಮಾಸ್ಟ್ರನ್ನ ಬೈಯೋಣ ಅಂದ್ರೆ, ಕೊನೇ ಪುಟದಲ್ಲಿ ಇನ್ನೊಂದು ಲೆಕ್ಕ ಇದೆ. ಕೊರತೆ 312 ರೂಪಾಯಿ, ಭರಿಸಿದ್ದು ಹೆಡ್‌ಮಾಸ್ಟ್ರು.

ಕೋಲಾಟದಲ್ಲಿ ನನ್ನ ಜೋಡಿ ಆಗಿದ್ದವನಿಗೆ ಫೋನ್ ಮಾಡಿದೆ. "ನೀನೇ ಬೇಡ ಅಂದದ್ದಲ್ವಾ ಮಾರಾಯ? ನಾವೆಲ್ಲ ಹಾಗೇ ಗ್ರಹಿಸಿದ್ದು" ಅಂದ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವನೇ ಕೇಳಿದ, "ಆ ಪಟ್ಟಿಯಲ್ಲಿ ಇನ್ನು ಯಾರಿಗೆಲ್ಲ ಗೆರೆ ಹಾಕಿದ್ದಾರೆ?" ನಾಲ್ಕು ಜನಕ್ಕೆ. ಅದರಲ್ಲಿ ಇಬ್ಬರು ನಮ್ಮ ಗ್ರೂಪಲ್ಲೇ ಇದ್ದಾರೆ. ನೆನಪಿನ ಗೋಡೆ ಅಂದಾಗಿನಿಂದ ಇಬ್ಬರೂ ಒಂದು ಮಾತೂ ಆಡಿಲ್ಲ ಅಂತ ಆಗ ಹೊಳೀತು. ಆ ಪುಟವನ್ನ ಗ್ರೂಪಿಗೆ ಹಾಕಲಿಲ್ಲ. ಗೋಡೆಗೆ ಹಾಕೋದಾ ಬೇಡವಾ ಅಂತ ಆ ಇಬ್ಬರನ್ನೇ ಕೇಳ್ಬೇಕು. ಇನ್ನೂ ಕೇಳಿಲ್ಲ.

ಈಗ ಶಾಲೆಯಲ್ಲಿ ಒಟ್ಟು 21 ಮಕ್ಕಳು. 2018ರಲ್ಲಿ 'ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು' ಸಿನಿಮಾ ನೋಡಿ ಕಣ್ಣೊರೆಸಿಕೊಂಡ ನಮ್ಮ ಗ್ರೂಪಿನವರ ಮಕ್ಕಳೆಲ್ಲ ಇಂಗ್ಲಿಷ್ ಮೀಡಿಯಂ. ನನ್ನ ಮಗಳೂ ಸೇರಿ. ಅದಕ್ಕೆ ನನ್ನ ಹತ್ರ ಒಳ್ಳೇ ಉತ್ತರ ಇಲ್ಲ.

ಈ ಸಲ ಒಂದೊಂದು ಮಗುವಿಗೆ ಮೂರು ಮೂರು ವೇಷ. ಡ್ರೆಸ್ ಬದಲಾಯಿಸ್ಲಿಕ್ಕೇ ಟೈಮ್ ಸಾಕಾಗೋದಿಲ್ಲ ಅಂತ ಟೀಚರ್ ನಗ್ತಾ ಹೇಳಿದ್ರು. ಬಾಡಿಗೆಗೆ ಮಕ್ಕಳ ಹತ್ರ ದುಡ್ಡು ಕೇಳೋದು ಬೇಡ, ನಾವು ಕೊಡ್ತೇವೆ ಅಂದೆ. ಕೋಲಾಟದ ಜೋಡಿ ಅರ್ಧ ಹಾಕ್ತಾನೆ.

"ಅದೆಲ್ಲ ಸರಿ, ಪರದೆ ಎಳೀಲಿಕ್ಕೆ ಯಾರೂ ಉಳಿದಿಲ್ಲ, ನೀವು ನಿಲ್ತೀರಾ?" ಅಂತ ಟೀಚರ್ ಕೇಳಿದ್ರು. ಅವರಿಗೆ ಈ ಕಥೆ ಏನೂ ಗೊತ್ತಿಲ್ಲ. ಹೂಂ ಅಂದೆ.

ಅಮ್ಮನಿಗೂ ಹೇಳಿದೀನಿ, ಸಂಜೆ ಆರಕ್ಕೆ ಶುರು ಅಂತ. ತಲೆನೋವು ಇಲ್ಲದಿದ್ರೆ ಬರ್ತೇನೆ ಅಂದ್ರು.