ನೀರಿನೊಳಗಿನ ಲೋಹವನ್ನು ತೋರುವ ಬೆಳಕು

ಒಂದು ಬಣ್ಣದ ಬೆಳಕನ್ನು ಹೀರಿ, ಅದಕ್ಕಿಂತ ಉದ್ದದ ಅಲೆಯ ಬೇರೊಂದು ಬೆಳಕನ್ನು ಆ ಕ್ಷಣವೇ ಹೊರಸೂಸುವ ಗುಣಕ್ಕೆ ಪ್ರತಿದೀಪ್ತಿ ಎಂದು ಹೆಸರು. ಕ್ವಿನೈನ್ ದ್ರಾವಣದ ನೀಲಿ ಹೊಳಪನ್ನು ಜಾನ್ ಹರ್ಷೆಲ್ 1845ರಲ್ಲಿಯೇ ವರ್ಣಿಸಿದ್ದರೂ ಅದರ ಕಾರಣವನ್ನು ಬಿಡಿಸಿ ತೋರಿಸಿದವರು 1852ರಲ್ಲಿ ಜಾರ್ಜ್ ಸ್ಟೋಕ್ಸ್. 1867ರಲ್ಲಿ ಗೊಪ್ಪೆಲ್ಸ್‌ರೋಡರ್ ಎಂಬ ಸ್ವಿಸ್ ರಸಾಯನವಿಜ್ಞಾನಿಯು, ಮೋರಿನ್ ಎಂಬ ಸಸ್ಯಜನ್ಯ ಬಣ್ಣವು ಅಲ್ಯೂಮಿನಿಯಂ ಸೇರಿದೊಡನೆ ಹಸಿರಾಗಿ ಹೊಳೆಯುವುದನ್ನು ಲೋಹದ ಪತ್ತೆಗೆ ಬಳಸಿದನು.

ನೀರಿಗೆ ಸೇರುವ ಭಾರಲೋಹಗಳ ಭಯ ಜಗತ್ತಿಗೆ ತಟ್ಟಿದ್ದು ಬಹಳ ತಡವಾಗಿ, 1956ರಲ್ಲಿ ಜಪಾನಿನ ಮಿನಮಾಟದ ಪಾದರಸ ರೋಗ ಬೆಳಕಿಗೆ ಬಂದಾಗ. ಕರ್ನಾಟಕದಲ್ಲಿ ಕಾರವಾರದ ಕಾಸ್ಟಿಕ್ ಸೋಡಾ ಕಾರ್ಖಾನೆಯೊಂದರ ಬಳಿಯ ಸಮುದ್ರದಲ್ಲಿಯೂ ಜಲಚರಗಳಲ್ಲಿಯೂ ಸೇರಿದ ಪಾದರಸವನ್ನು ಕುರಿತ ಅಧ್ಯಯನಗಳು 1990ರಲ್ಲಿ ಪ್ರಕಟವಾದವು. ಅಲನ್ ವಾಲ್ಶ್ 1955ರಲ್ಲಿ ರೂಪಿಸಿದ ಪರಮಾಣು ಹೀರಿಕೆಯ ವಿಧಾನದಂಥವು ಇಂಥ ಪರೀಕ್ಷೆಗೆ ನಂಬಲರ್ಹವಾದರೂ, ಆ ಯಂತ್ರವನ್ನು ಬಾವಿಕಟ್ಟೆಗೆ ಹೊತ್ತೊಯ್ಯಲಾಗದು. ಕೈಯಲ್ಲಿ ಹಿಡಿಯಬಹುದಾದ ಸಂವೇದಕದ ಹುಡುಕಾಟಕ್ಕೆ ಇದೇ ಕಾರಣ.

ಸಂವೇದಕವೆಂದರೆ ಲೋಹದ ಅಯಾನನ್ನು, ಅಂದರೆ ವಿದ್ಯುದಾವೇಶ ಹೊತ್ತ ಕಣವನ್ನು, ಹಿಡಿಯುವ ಭಾಗವೊಂದು ಹಾಗೂ ಹೊಳೆಯುವ ಭಾಗವೊಂದು ಜೋಡಿಸಲ್ಪಟ್ಟ ಅಣು. ಶ್ರೀಲಂಕಾ ಮೂಲದ ಎ. ಪಿ. ಡಿ ಸಿಲ್ವ ಅವರು 1980ರ ದಶಕದಿಂದ ಬೆಳೆಸಿದ ವಿನ್ಯಾಸದಲ್ಲಿ, ಹಿಡಿಯುವ ಭಾಗದ ಎಲೆಕ್ಟ್ರಾನು ಜಿಗಿದು ಹೊಳಪನ್ನು ಆರಿಸುತ್ತಿರುತ್ತದೆ. ಅಯಾನು ಬಂದು ಕೂತರೆ ಆ ಜಿಗಿತ ನಿಂತು ಬೆಳಕು ಮರಳುತ್ತದೆ. ಆದರೆ ಪಾದರಸ, ತಾಮ್ರಗಳಂಥ ಲೋಹಗಳು ತಾವೇ ಹೊಳಪನ್ನು ಕಸಿಯುವ ಸ್ವಭಾವದವು, ಮತ್ತು ಬೆಳಕು ಮಂಕಾದುದನ್ನೇ ನಂಬುವ ಪರೀಕ್ಷೆಯು ಬಗ್ಗಡದ ನೀರಿನಲ್ಲಿ ಸುಲಭವಾಗಿ ಮೋಸಹೋಗುತ್ತದೆ. ಈ ದೃಷ್ಟಿಯಿಂದ ನಿಜವಾದ ತಿರುವು 1997ರದು: ಆಂತೊನಿ ಚಾರ್ನಿಕ್ ಮತ್ತು ಸಂಗಡಿಗರು ರೋಡಮೀನ್ ಬಣ್ಣದ ಅಣುವಿನ ಉಂಗುರವನ್ನು ಮುಚ್ಚಿ ಅದನ್ನು ನಿರ್ವರ್ಣಗೊಳಿಸಿ, ತಾಮ್ರದ ಅಯಾನು ತಗುಲಿದಾಗ ಮಾತ್ರ ಅದು ತೆರೆದು ಹೊಳೆಯುವಂತೆ ಮಾಡಿದರು. ಗಂಧಕದತ್ತ ಪಾದರಸಕ್ಕಿರುವ ಒಲವನ್ನು ಬಳಸಿಕೊಂಡ ಇದೇ ಬಗೆಯ ಅಣುವನ್ನು 2005ರಲ್ಲಿ ಕೊರಿಯದ ವಿಜ್ಞಾನಿಗಳು ಪ್ರಕಟಿಸಿದರು.

ಮಲಪ್ರಭೆಯ ನೀರು ಕುಡಿಯುವ ಹುಬ್ಬಳ್ಳಿ-ಧಾರವಾಡದಲ್ಲಿ ಬೋರ್‌ವೆಲ್ಲಿನ ಕ್ಯಾಲ್ಸಿಯಂ ಹೆಚ್ಚಿರುವ ಗಡಸು ನೀರಿನ ಬಳಕೆಯೂ ಇರುವುದರಿಂದ ಇಂಥ ಅಣುಗಳಿಗೆ ಎದುರಾಗುವ ಕಠಿಣ ಪರೀಕ್ಷೆ ಇಲ್ಲಿಯೇ ಇದೆ. ಭಾರತೀಯ ಮಾನದಂಡವು ಒಂದು ಲೀಟರಿನಲ್ಲಿ ಕ್ಯಾಲ್ಸಿಯಂ 75 ಮಿಲಿಗ್ರಾಂ ಇರಬಹುದೆನ್ನುತ್ತದೆ, ಸೀಸಕ್ಕೆ 0.01, ಪಾದರಸಕ್ಕೆ 0.001 ಮಿಲಿಗ್ರಾಂ ಮಾತ್ರ ಮಿತಿ. ಅಂದರೆ ಸಾವಿರಾರು ಪಟ್ಟು ಹೆಚ್ಚಿರುವ ನಿರಪಾಯದ ಅಯಾನುಗಳ ನಡುವೆ ಅಪಾಯದ್ದನ್ನು ಮಾತ್ರ ಗುರುತಿಸಬೇಕು. ಶುದ್ಧ ನೀರಿನಲ್ಲಿ ಪರೀಕ್ಷಿಸಿ ಮೆಚ್ಚಿದ ಸಂವೇದಕಗಳಲ್ಲಿ ಅನೇಕವು ಇಂಥ ನೀರಿನಲ್ಲಿ ಸೋಲುವುದರಿಂದ, ಅವು ಸಂಶಯ ಹುಟ್ಟಿಸಬಲ್ಲವೇ ಹೊರತು ತೀರ್ಪು ಕೊಡಲಾರವು. ಬೋರ್‌ವೆಲ್ ನೀರು ಕುಡಿಯುವವರು ಅದನ್ನು ಪ್ರಯೋಗಾಲಯದಲ್ಲಿಯೇ ಪರೀಕ್ಷಿಸಿಕೊಳ್ಳಬೇಕು. ಕುದಿಸಿದರೆ ಸೀಸ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ.