ಎದುರು ಪಾಳಯದವನಿಗೂ ಒಬ್ಬ ವಕೀಲ



ಒಂದು ಸಾಕ್ಷ್ಯಚಿತ್ರವನ್ನು ಮುಂದಿಟ್ಟುಕೊಂಡು ನಾಲ್ಕು ಮಾತುಗಳನ್ನಾಡಲು ಬಯಸುತ್ತೇನೆ. ಚಿತ್ರದ ಹೆಸರು ‘ಅಡ್ವೊಕೇಟ್’. ರೇಚಲ್ ಲಿಯಾ ಜೋನ್ಸ್ ಮತ್ತು ಫಿಲಿಪ್ ಬೆಲೈಷ್ ನಿರ್ದೇಶಿಸಿದ ಈ ಚಿತ್ರ 2019ರಲ್ಲಿ ತೆರೆ ಕಂಡಿತು. ಅದರ ಕೇಂದ್ರ ವ್ಯಕ್ತಿ ಜೆರುಸಲೇಮಿನ ವಕೀಲೆ ಲಿಯಾ ತ್ಸೆಮೆಲ್. ಅವರು ಯಹೂದಿ, ಇಸ್ರೇಲಿನ ಪ್ರಜೆ. ಆದರೆ ಸುಮಾರು ಐದು ದಶಕಗಳ ಕಾಲ ಅವರು ಇಸ್ರೇಲಿನ ನ್ಯಾಯಾಲಯಗಳಲ್ಲಿ ವಾದಿಸಿದ್ದು ಫೆಲೆಸ್ತೀನಿ ಆರೋಪಿಗಳ ಪರವಾಗಿ.

ಅವರು ಹುಟ್ಟಿದ್ದು 1945ರಲ್ಲಿ, ಹೈಫಾದಲ್ಲಿ. ಹೆತ್ತವರು ಯುರೋಪಿನಿಂದ ಬಂದವರು. ನಾಝಿಗಳ ನರಮೇಧದಲ್ಲಿ ಬಂಧುಗಳನ್ನು ಕಳಕೊಂಡವರು. 1967ರ ಯುದ್ಧದ ವೇಳೆಗೆ ಲಿಯಾ ಜೆರುಸಲೇಮಿನಲ್ಲಿ ಕಾನೂನು ವಿದ್ಯಾರ್ಥಿನಿ. ಗಂಟುಮೂಟೆ ಹೊತ್ತು ಊರು ಬಿಡುತ್ತಿದ್ದ ಫೆಲೆಸ್ತೀನಿ ನಿರಾಶ್ರಿತರನ್ನು ಕಂಡಾಗ, ತನಗೆ ಕಲಿಸಲಾಗಿದ್ದ ಇತಿಹಾಸದ ಕುರಿತು ಅವರಲ್ಲಿ ಪ್ರಶ್ನೆಗಳೆದ್ದವು. ಮುಂದೆ ಅವರು ‘ಮಾತ್ಸ್‌ಪೆನ್’ ಎಂಬ ಎಡಪಂಥೀಯ ಗುಂಪನ್ನು ಸೇರಿದರು. ವಕೀಲಿ ವೃತ್ತಿಯನ್ನೇ ತನ್ನ ಹೋರಾಟದ ಕ್ಷೇತ್ರವನ್ನಾಗಿ ಮಾಡಿಕೊಂಡರು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಲಿಯಾ ತನ್ನ ಸಿದ್ಧಾಂತಕ್ಕೆ ಸೇರಿದವರಿಗಾಗಿ ಮಾತ್ರ ಕರಿಕೋಟು ತೊಟ್ಟವರಲ್ಲ. 1987ರಲ್ಲಿ ಬಂಧನಕ್ಕೊಳಗಾದ ಅವರ ಪತಿ ಮೈಕೆಲ್ ವಾರ್ಶಾವ್‌ಸ್ಕಿ ಎಡಪಂಥೀಯ ಹೋರಾಟಗಾರ. ಅವರ ಪರವಾಗಿ ಲಿಯಾ ನಿಂತದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ 1992ರ ಡಿಸೆಂಬರಿನಲ್ಲಿ ಇಸ್ರೇಲ್ ಸರಕಾರವು 415 ಮಂದಿ ಫೆಲೆಸ್ತೀನಿಯರನ್ನು ಲೆಬನಾನಿಗೆ ಗಡೀಪಾರು ಮಾಡಿತು. ಅವರಲ್ಲಿ ಹೆಚ್ಚಿನವರ ಮೇಲಿದ್ದುದು ಹಮಾಸ್ ನಂಟಿನ ಆರೋಪ. ಧರ್ಮಾಧಾರಿತ ರಾಜಕೀಯವನ್ನು ಒಪ್ಪದ ಈ ಎಡಪಂಥೀಯ ಮಹಿಳೆ ಅವರ ಪರವಾಗಿಯೂ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಅವರ ಸಿದ್ಧಾಂತಕ್ಕೂ ಆ ಕಕ್ಷಿದಾರರ ಸಿದ್ಧಾಂತಕ್ಕೂ ಅಜಗಜಾಂತರ. ಆದರೂ ವಿಚಾರಣೆಯಿಲ್ಲದೆ ಯಾರನ್ನೂ ಶಿಕ್ಷಿಸಬಾರದೆಂಬ ತತ್ವಕ್ಕೆ ಪಕ್ಷಭೇದವಿಲ್ಲ ಎಂಬುದನ್ನು ಅವರು ಅರಿತಿದ್ದರು.

ಚಿತ್ರದಲ್ಲಿ ಮುಖ್ಯವಾಗಿ ಹೇಳಲಾಗಿರುವುದು 13ರ ಹರೆಯದ ಓರ್ವ ಫೆಲೆಸ್ತೀನಿ ಬಾಲಕನ ಕಥೆ. 2015ರ ಅಕ್ಟೋಬರಿನಲ್ಲಿ ಅವನೂ 15ರ ಹರೆಯದ ಅವನ ಸಂಬಂಧಿಯೂ ಚಾಕು ಹಿಡಿದು ಜೆರುಸಲೇಮಿನ ಒಂದು ಯಹೂದಿ ವಸತಿಗೆ ನುಗ್ಗಿದರು. ಇಬ್ಬರು ಇರಿತಕ್ಕೊಳಗಾದರು. ಹಿರಿಯ ಹುಡುಗ ಗುಂಡೇಟಿಗೆ ಬಲಿಯಾದ. ಕಿರಿಯವನು ವಾಹನ ಢಿಕ್ಕಿಯಾಗಿ ರಸ್ತೆಗೆ ಬಿದ್ದ. ಆ ಬಳಿಕ, ಹೆತ್ತವರಾಗಲಿ ವಕೀಲರಾಗಲಿ ಜೊತೆಗಿಲ್ಲದೆ ಅವನನ್ನು ವಿಚಾರಣೆಗೊಳಪಡಿಸಿದ ವೀಡಿಯೊ ಬಹಿರಂಗವಾಯಿತು. ಅಧಿಕಾರಿ ಗದರುತ್ತಾನೆ; ಬಾಲಕ ಅಳುತ್ತಾ, ತನಗೆ ನೆನಪಿಲ್ಲವೆಂದು ಮತ್ತೆ ಮತ್ತೆ ಹೇಳುತ್ತಾನೆ.

ಲಿಯಾ ಅವರ ಮುಂದೆ ಒಂದು ಸಂದಿಗ್ಧವಿತ್ತು. ಅಂದಿನ ಇಸ್ರೇಲಿ ಕಾನೂನಿನಂತೆ 14 ತುಂಬದವರಿಗೆ ಸೆರೆವಾಸ ವಿಧಿಸುವಂತಿರಲಿಲ್ಲ. ಕೊಲೆಯತ್ನದ ಆರೋಪವನ್ನು ಬೇಗನೆ ಒಪ್ಪಿಕೊಂಡರೆ ಬಾಲಕ ಸೆರೆಮನೆಯಿಂದ ಪಾರಾಗುವ ಸಾಧ್ಯತೆಯಿತ್ತು. ಆದರೆ ಕೊಲ್ಲುವ ಉದ್ದೇಶ ತನಗಿರಲಿಲ್ಲವೆಂದು ಬಾಲಕ ಹೇಳುತ್ತಿದ್ದ. ಮಾಡದ್ದನ್ನು ಮಾಡಿದ್ದೇನೆಂದು ಹೇಳಿ ಹೊರಬರಬೇಕೇ, ತನಗೆ ತಿಳಿದ ಸತ್ಯಕ್ಕೆ ಅಂಟಿಕೊಂಡು ಸೆರೆಮನೆ ಸೇರಬೇಕೇ? ವಕೀಲೆ ಆಯ್ಕೆಗಳನ್ನು ವಿವರಿಸಿದರು. ತೀರ್ಮಾನವನ್ನು ಬಾಲಕನಿಗೂ ಕುಟುಂಬಕ್ಕೂ ಬಿಟ್ಟರು. ಬಾಲಕ ಎರಡನೆಯದನ್ನು ಆರಿಸಿಕೊಂಡ. ವಿಚಾರಣೆ ಮುಗಿಯುವ ಮುನ್ನ ಅವನಿಗೆ 14 ತುಂಬಿತು. 2016ರಲ್ಲಿ 12 ವರ್ಷಗಳ ಶಿಕ್ಷೆಯಾಯಿತು. ಮರುವರ್ಷ ಸರ್ವೋಚ್ಚ ನ್ಯಾಯಾಲಯ ಅದನ್ನು ಒಂಬತ್ತೂವರೆ ವರ್ಷಕ್ಕಿಳಿಸಿತು. ದೀರ್ಘಕಾಲದ ಏಕಾಂತ ಸೆರೆಯನ್ನೂ ಅನುಭವಿಸಿ, 2025ರ ಎಪ್ರಿಲಿನಲ್ಲಿ ಅವನು ಬಿಡುಗಡೆಗೊಂಡಾಗ ಬಾಲ್ಯ ಮುಗಿದುಹೋಗಿತ್ತು.

ಹಾಗಾದರೆ ಸೋಲುವ ವಕೀಲರಿಂದ ಪ್ರಯೋಜನವೇನು? 1999ರ ಸೆಪ್ಟೆಂಬರಿನಲ್ಲಿ ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯವು, ಬಂಧಿತರನ್ನು ಹಿಡಿದು ಬಲವಾಗಿ ಅಲುಗಾಡಿಸುವ, ತಲೆಗೆ ಚೀಲ ಮುಚ್ಚಿ ನೋವಿನ ಭಂಗಿಯಲ್ಲಿ ಕಟ್ಟಿಹಾಕುವ ವಿಚಾರಣಾ ವಿಧಾನಗಳನ್ನು ಕಾನೂನುಬಾಹಿರವೆಂದು ಸಾರಿತು. ವರ್ಷಗಟ್ಟಲೆ ಅರ್ಜಿ ಸಲ್ಲಿಸುತ್ತಾ ಬಂದ ವಕೀಲರಲ್ಲಿ ಲಿಯಾ ಕೂಡಾ ಒಬ್ಬರು. ತೀರ್ಪಿನಲ್ಲಿ ಲೋಪಗಳಿದ್ದವು, ಹಿಂಸೆ ಪೂರ್ತಿಯಾಗಿ ನಿಲ್ಲಲಿಲ್ಲ, ನಿಜ. ಆದರೆ ಮುಚ್ಚಿದ ಕೋಣೆಯೊಳಗೆ ನಡೆಯುತ್ತಿದ್ದುದು ನ್ಯಾಯಾಲಯದ ದಾಖಲೆಯಾಯಿತು. ಸೋತ ಮೊಕದ್ದಮೆಯೂ ಸಾಕ್ಷ್ಯವನ್ನು ಉಳಿಸಿ ಹೋಗುತ್ತದೆ.

ಸ್ವಂತ ಸಮಾಜ ಅವರನ್ನು ದ್ರೋಹಿಯೆಂದು ಕರೆಯಿತು. ಚಿತ್ರಕ್ಕೆ 2019ರಲ್ಲಿ ಟೆಲ್ ಅವೀವಿನ ‘ಡಾಕವೀವ್’ ಉತ್ಸವದಲ್ಲಿ ಅತ್ಯುತ್ತಮ ಇಸ್ರೇಲಿ ಚಿತ್ರ ಪ್ರಶಸ್ತಿ ಬಂದಾಗ ಅಂದಿನ ಸಂಸ್ಕೃತಿ ಸಚಿವೆ ಮಿರಿ ರೆಗೆವ್ ಅದನ್ನು ಖಂಡಿಸಿದರು. ಆದರೆ ಆ ಪ್ರಶಸ್ತಿ ಕೊಟ್ಟವರೂ ಇಸ್ರೇಲಿಗಳೇ ಎಂಬುದನ್ನು ನಾವು ಮರೆಯಬಾರದು.

ಸಹೋದರ ಸಹೋದರಿಯರೇ, ಇಷ್ಟನ್ನು ಕೇಳಿ ಚಪ್ಪಾಳೆ ತಟ್ಟುವುದು ನಮಗೆ ಸುಲಭ. ಏಕೆಂದರೆ ಲಿಯಾ ನಿಂತದ್ದು ನಮ್ಮ ಅನುಕಂಪ ಯಾರ ಕಡೆಗಿದೆಯೋ ಅವರ ಪರವಾಗಿ. ಆದರೆ ಚಿತ್ರ ನಮ್ಮನ್ನು ಬೇರೆಯದೇ ಒಂದು ಪ್ರಶ್ನೆಯ ಮುಂದೆ ನಿಲ್ಲಿಸುತ್ತದೆ. ಅಂದು ಇರಿತಕ್ಕೊಳಗಾದವರಲ್ಲಿ ಒಬ್ಬನ ವಯಸ್ಸೂ 13 ಆಗಿತ್ತು. ಸೈಕಲ್ ತುಳಿಯುತ್ತಿದ್ದ ಹುಡುಗ. ಅವನ ತಾಯಿಯ ಸಂಕಟ ನಮಗೆ ಅರ್ಥವಾಗದಿದ್ದರೆ ನಾವು ಲಿಯಾರನ್ನು ಅರ್ಥ ಮಾಡಿಕೊಂಡಿಲ್ಲವೆಂದೇ ಹೇಳಬೇಕು. ಆರೋಪಿಯ ಪರ ವಾದಿಸುವುದೆಂದರೆ ಕೃತ್ಯವನ್ನು ಸಮರ್ಥಿಸುವುದಲ್ಲ. ಗಾಯಾಳುವಿನ ನೋವನ್ನು ಅಲ್ಲಗಳೆಯುವುದೂ ಅಲ್ಲ.

ಈ ಪಾಠ ದೂರದ ಜೆರುಸಲೇಮಿಗೆ ಮಾತ್ರ ಸೀಮಿತವಲ್ಲ. 2020ರ ಫೆಬ್ರವರಿಯಲ್ಲಿ ಹುಬ್ಬಳ್ಳಿಯಲ್ಲಿ ಮೂವರು ಕಾಶ್ಮೀರಿ ವಿದ್ಯಾರ್ಥಿಗಳು ದೇಶದ್ರೋಹದ ಆರೋಪದಲ್ಲಿ ಬಂಧಿತರಾದಾಗ, ಅವರ ಪರ ಯಾರೂ ವಾದಿಸಬಾರದೆಂದು ಅಲ್ಲಿನ ವಕೀಲರ ಸಂಘ ನಿರ್ಣಯಿಸಿತು. ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದವರೂ ವಕೀಲರೇ. ಇಂತಹ ನಿರ್ಣಯಗಳು ಸಂವಿಧಾನಕ್ಕೂ ವೃತ್ತಿಧರ್ಮಕ್ಕೂ ವಿರುದ್ಧವೆಂದು ಸುಪ್ರೀಮ್ ಕೋರ್ಟು 2010ರಲ್ಲಿಯೇ ಹೇಳಿತ್ತು. ಬಂಧಿತನಿಗೆ ತನ್ನ ಆಯ್ಕೆಯ ವಕೀಲರ ನೆರವು ಪಡೆಯುವ ಹಕ್ಕನ್ನು ಸಂವಿಧಾನದ 22ನೇ ವಿಧಿ ನೀಡುತ್ತದೆ. ಅದರಲ್ಲಿ ಧರ್ಮದ ಕಾಲಂ ಇಲ್ಲ.

ಆದ್ದರಿಂದ ನಮ್ಮ ಮುಂದಿರುವ ಕೆಲಸ ಎರಡು. ನಮ್ಮ ಓಣಿಯ ಹುಡುಗನೊಬ್ಬನನ್ನು ಪೊಲೀಸರು ಕರೆದೊಯ್ದಾಗ, ನಮಗೇಕೆ ಉಸಾಬರಿ ಎಂದು ಬಾಗಿಲು ಮುಚ್ಚಬಾರದು. ಬಂಧಿತನನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಆ ಮೊದಲ ಗಂಟೆಗಳಲ್ಲೇ ವಕೀಲರ ಅಗತ್ಯ ಹೆಚ್ಚು. ಎರಡನೆಯದು ಕಷ್ಟದ ಕೆಲಸ. ನಮ್ಮ ಮೇಲೆ ದ್ವೇಷ ಕಾರುವ ಸಂಘಟನೆಯ ಯುವಕನೊಬ್ಬ ಕಟಕಟೆಯಲ್ಲಿ ನಿಂತಾಗ, ಅವನಿಗೂ ನ್ಯಾಯಯುತ ವಿಚಾರಣೆ ಸಿಗಬೇಕೆಂದು ನಾವು ಹೇಳಬಲ್ಲೆವೇ? ಅವನ ವಕಾಲತ್ತು ವಹಿಸಿದವರು ನಮ್ಮದೇ ಸಮುದಾಯದವರಾದರೆ ಅವರನ್ನು ಮಾರಿಕೊಂಡವರೆಂದು ಜರೆಯದೆ ಇರಬಲ್ಲೆವೇ?

ನಿಮ್ಮ ಮಕ್ಕಳಲ್ಲಿ ಕೆಲವರಾದರೂ ಕಾನೂನು ಓದಲಿ, ವಿಶೇಷವಾಗಿ ಹೆಣ್ಣುಮಕ್ಕಳು. ಆದರೆ ನಮ್ಮವರನ್ನು ಬಿಡಿಸಲಿಕ್ಕಾಗಿ ಮಾತ್ರ ಓದಬೇಡಿ ಎಂದು ಅವರಿಗೆ ಹೇಳಿ. ಶತ್ರುವಿಗೆ ಸಿಗದ ನ್ಯಾಯ ನಾಳೆ ನಮಗೂ ಸಿಗದು. ಎದುರು ಪಾಳಯದಿಂದ ಒಬ್ಬ ಲಿಯಾ ಬರಲೆಂದು ಕಾಯುವ ನಾವು, ಎದುರು ಪಾಳಯಕ್ಕೆ ಒಬ್ಬ ಲಿಯಾರನ್ನು ಕೊಡಲು ಸಿದ್ಧರಿದ್ದೇವೆಯೇ? ಈ ಪ್ರಶ್ನೆಯನ್ನು ನಿಮ್ಮ ಮುಂದಿಟ್ಟು ನನ್ನ ಮಾತುಗಳನ್ನು ಮುಗಿಸುತ್ತೇನೆ.