ರಭಸದಲ್ಲಿ ಒಡೆಯುವ ಚಿತ್ರ

ಟ್ಯಾಬ್ಲೆಟ್ಟಿಗೆಂದು ಕುಗ್ಗಿಸಿದ ವಿಡಿಯೋ ಸರಿಯಾಗಿ ಆಟದ ರಭಸದ ಘಟ್ಟದಲ್ಲಿಯೇ ಚೌಕಚೌಕವಾಗಿ ಒಡೆಯುವುದೇಕೆ, ಬಿಟ್‌ರೇಟ್ ಎಷ್ಟಿಡಬೇಕು ಎಂದು ಯಕ್ಷಗಾನದ ದಾಖಲೆಗಳನ್ನು ಕೂಡಿಡುವ ಶ್ರೋತೃಗಳು ಎಡೆಬಿಡದೆ ಕೇಳುತ್ತ ಬಂದಿದ್ದಾರೆ. ಎಷ್ಟೂ ಇಡಬೇಡಿರೆಂಬುದೇ ನನ್ನ ಉತ್ತರ.

ಕುಗ್ಗಿಸುವ ತಂತ್ರಾಂಶವು ಪ್ರತಿಯೊಂದು ಚಿತ್ರವನ್ನೂ ಇಡಿಯಾಗಿ ಬರೆದಿಡುವುದಿಲ್ಲ. ಒಂದನ್ನು ಪೂರ್ತಿ ಬರೆದು, ಮುಂದಿನವುಗಳಲ್ಲಿ ಹಿಂದಿನದಕ್ಕಿಂತ ಬದಲಾದುದನ್ನು ಮಾತ್ರ ಗುರುತುಹಾಕಿಕೊಳ್ಳುತ್ತದೆ. ಭಾಗವತರು ಕುಳಿತು ಪದ ಹೇಳುವಾಗ ಬದಲಾಗುವುದು ತುಟಿ ಮತ್ತು ಜಾಗಟೆಯ ಕೈ, ಇಷ್ಟೇ. ಅದೇ ಪುಂಡುವೇಷವು ಸುತ್ತಿ ಹಾರುವ ಧೀಂಗಿಣಕ್ಕೆ ತೊಡಗಿತೆನ್ನಿ, ಕೈ, ಕಾಲು, ಉಡುಗೆಯ ಅಂಚು, ಹಾರುವ ಧೂಳು, ಎಲ್ಲವೂ ಬದಲಾದುದೇ! ಸೆಕೆಂಡಿಗೆ ಇಷ್ಟೇ ಬಿಟ್ಟುಗಳೆಂದು ಪಡಿಯಳೆದು ಕೊಟ್ಟಿದ್ದರೆ, ಭಾಗವತರಲ್ಲಿ ಅದು ಮಿಕ್ಕುಳಿದು, ಧೀಂಗಿಣದಲ್ಲಿ ಸಾಲದೆ ಬರುತ್ತದೆ. ಬದಲಾವಣೆ ಕಡಮೆಯಾದರೆ ಬರೆವಣಿಗೆ ಕಡಮೆ, ಹೆಚ್ಚಾದರೆ ಹೆಚ್ಚು. ಇದನ್ನು ಮರೆತವರ ಚಿತ್ರವೇ ಒಡೆಯುವುದು.

ಆದಕಾರಣ ಗಾತ್ರವನ್ನಲ್ಲ, ಗುಣವನ್ನು ಗೊತ್ತುಮಾಡಿರಿ. ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಸ್ಥಿರ ಗುಣಮಟ್ಟವೆಂಬ ಅಂಕೆಯುಂಟು, ಎಚ್.264 ಎಂಬ ಕುಗ್ಗಿಸುವ ಪದ್ಧತಿಯಲ್ಲಿ 1080 ಗೆರೆಗಳ ಚಿತ್ರಕ್ಕೆ 20ರಿಂದ 24ರೊಳಗೆ ಇಟ್ಟರೆ ಸಾಕು. ಅಂಕೆ ಇಳಿದಷ್ಟೂ ಗುಣ ಏರುವುದೆಂಬುದನ್ನು ತಿಳಿಯದೆ 40ಕ್ಕೆ ಏರಿಸಿ ನನ್ನನ್ನು ಆಕ್ಷೇಪಿಸಿದವರೂ ಉಂಟು. ಆರು ಅಂಕೆ ಇಳಿಸಿದರೆ ಕಡತ ಸುಮಾರು ಇಮ್ಮಡಿಯಾಗುತ್ತದೆ.

ಇನ್ನೊಂದು ಮಾತು. ಒಮ್ಮೆ ಕುಗ್ಗಿಸಿದುದನ್ನೇ ಮತ್ತೆ ಕುಗ್ಗಿಸಬೇಡಿರಿ. ನಾನೇ ಒಂದು ಬಯಲಾಟದ ಕಡತವನ್ನು, ಜಾಗವುಳಿಸುವ ಆಸೆಯಿಂದ, ಮೂರು ಬಾರಿ ಕುಗ್ಗಿಸಿ ಮೂಲವನ್ನು ಅಳಿಸಿಬಿಟ್ಟೆ. ಈಗ ಅದರಲ್ಲಿ ಬಣ್ಣದ ವೇಷದ ಮುಖದ ಮೇಲಿನ ಚುಕ್ಕೆಚುಕ್ಕೆಯ ಚಿಟ್ಟಿಯು ಒದ್ದೆಯ ಸುಣ್ಣದ ಗೋಡೆಯಂತೆ ಕಾಣುತ್ತದೆ. ಬಿಟ್‌ರೇಟ್ ಏರಿಸಿದರೆ ಹೋದುದು ಮರಳೀತೆಂದು ಹೇಳುವವರೊಡನೆ ವಾದಿಸುವ ತಾಳ್ಮೆ ನನಗಿಲ್ಲ. ಕಡತ ದಪ್ಪವಾಗುತ್ತದೆ, ಚಿಟ್ಟಿ ಮರಳುವುದಿಲ್ಲ. ಮೂಲದಿಂದ ಒಂದೇ ಬಾರಿ ಕುಗ್ಗಿಸಿ, ಮೂಲವನ್ನು ಬೇರೆಡೆ ಕಾಪಿಡಿರಿ.

ಕೊನೆಗೆ, ಪದ್ಧತಿಯ ಆಯ್ಕೆ. 2013ರ ಎಚ್.265 ಪದ್ಧತಿಯು ಕಡತವನ್ನು ಬಹಳಷ್ಟು ಇಳಿಸುವುದು ನಿಜವಾದರೂ, ಅದನ್ನು ಬಿಡಿಸುವ ಚಿಪ್ಪಿಲ್ಲದ ಹಳೆಯ ಟ್ಯಾಬ್ಲೆಟ್ಟಿನಲ್ಲಿ ಚಿತ್ರ ತಡವರಿಸಿ, ಬ್ಯಾಟರಿ ಬೇಗನೆ ಬರಿದಾದೀತು. ಅಂಥಲ್ಲಿ 2003ರ ಎಚ್.264ನ್ನೇ ಬಳಸಿರಿ. 720 ಗೆರೆಗಳ ಮೂಲವನ್ನು ಹಿಗ್ಗಿಸುವ ಶ್ರಮ ವ್ಯರ್ಥ. ಇಡೀ ರಾತ್ರಿಯ ಆಟವನ್ನು ಕುಗ್ಗಿಸುವ ಮುನ್ನ ಎರಡು ನಿಮಿಷದ ತುಣುಕೊಂದನ್ನು ಕುಗ್ಗಿಸಿ, ಟ್ಯಾಬ್ಲೆಟ್ಟಿನಲ್ಲಿಯೇ ನೋಡಿರಿ. ಆ ತುಣುಕನ್ನು ಗಣಪತಿಯ ಸ್ತುತಿಯಿಂದ ಆರಿಸದೆ ಧೀಂಗಿಣದಿಂದ ಆರಿಸಿರಿ.